ಸರಪಳಿ ಹಿಡಿದವನಿಗೆ ಕಂಡ ಹಕ್ಕಿ

ಮೊದಲು ನೋಡಿದಾಗ ಮಳೆನೀರು ಹರಿಯಲೆಂದು ಯಾರೋ ತೆಗೆದ ತಗ್ಗು ಎಂದುಕೊಂಡೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫೋರ್ಟ್ ಅಟ್ಕಿನ್‌ಸನ್ ಎಂಬ ಸಣ್ಣ ಊರು. ರಾಕ್ ನದಿಯ ದಂಡೆಗುಂಟ ಸಾಗುವ ಬೀದಿಯಲ್ಲಿ ಮನೆಗಳ ನಡುವೆ ಹುಲ್ಲು ಬೆಳೆದ ಖಾಲಿ ಜಾಗ. ಅಳಿಯ ಕಾರು ನಿಲ್ಲಿಸಿ, "ನೀವು ಕೇಳಿದ್ದು ಇದೇ ಮಾವ" ಎಂದ. ನಾನು ಇಳಿದು ಆ ತಗ್ಗಿನ ಅಂಚು ಹಿಡಿದು ನಡೆದೆ. ಒಂದು ಬದಿಯಲ್ಲಿ ಕಾಲುಗಳು ಸಿಕ್ಕವು, ತಲೆ ಸಿಕ್ಕಿತು. ಆಮೇಲೆ ಬಾಲ, ನಡೆದಷ್ಟೂ ಬಾಲ. ಅದರ ತುದಿ ಪಕ್ಕದ ಮನೆಯ ಕಾರು ಹೋಗುವ ದಾರಿಯ ಕೆಳಗೆ ಮಾಯವಾಗಿತ್ತು.

ಸುಮಾರು 1000 ವರ್ಷಗಳ ಹಿಂದೆ ಈ ನೆಲದ ಜನ ಮಣ್ಣು ಅಗೆದು ಮೂಡಿಸಿದ ಪ್ರಾಣಿ ಅದು. ಹೆಸರಿಗೆ ಚಿರತೆ ಎನ್ನುತ್ತಾರೆ. ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರ ನಂಬಿಕೆಯಲ್ಲಿ ಬರುವ ಉದ್ದ ಬಾಲದ ನೀರಿನ ದೈವ ಇದು ಎಂದು ಬಲ್ಲವರು ಹೇಳುತ್ತಾರೆ. ಮಣ್ಣು ಪೇರಿಸಿ ದಿಬ್ಬವಾಗಿ ಎಬ್ಬಿಸಿದ ಹಕ್ಕಿ, ಕರಡಿ, ಆಮೆಗಳು ಈ ರಾಜ್ಯದಲ್ಲಿ ಇನ್ನೂ ಬಹಳ ಇವೆ. ಹೀಗೆ ತಗ್ಗು ತೋಡಿ ಮಾಡಿದ್ದರಲ್ಲಿ ಉಳಿದಿರುವುದು ಇದೊಂದೇ.

1850ರಲ್ಲಿ ಇದನ್ನು ಅಳೆದು ಕಾಗದಕ್ಕಿಳಿಸಿದವನು ಇನ್‌ಕ್ರೀಸ್ ಲ್ಯಾಪಮ್. ನಾನು ಮೂವತ್ತು ವರ್ಷಕ್ಕೂ ಮೇಲೆ ರಸ್ತೆ, ಮೋರಿ, ಕಾಲುವೆಗಳ ಕೆಲಸ ಮಾಡಿ ನಿವೃತ್ತನಾದ ಸಿವಿಲ್ ಎಂಜಿನಿಯರ್. ಮಿಲ್ವಾಕಿಯಲ್ಲಿರುವ ಮಗಳ ಮನೆಗೆ ಆರು ತಿಂಗಳಿಗೆಂದು ಹೋದವನಿಗೆ ಅಲ್ಲಿನ ಗ್ರಂಥಾಲಯದಲ್ಲಿ ಈ ಮನುಷ್ಯ ಸಿಕ್ಕ. ಅವನು ಬರೆದ ನಕ್ಷೆಗಳ ಮುಂದೆ ನಾನು ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ನನ್ನ ಕಸುಬಿನವನೊಬ್ಬ ಇಷ್ಟು ದೂರದ ನಾಡಿನಲ್ಲಿ, ನಾನು ಹುಟ್ಟುವುದಕ್ಕೆ ಒಂದು ಶತಮಾನಕ್ಕೂ ಮೊದಲು, ನಾನು ಮಾಡಬೇಕಾಗಿದ್ದ ಕೆಲಸವನ್ನು ಮಾಡಿಟ್ಟಿದ್ದ.

ಇನ್‌ಕ್ರೀಸ್ ಎಂದರೆ ವೃದ್ಧಿ. ಮಗನಿಗೆ ಅಂಥ ಹೆಸರಿಡುವ ರೂಢಿ ಆ ಕಾಲದ ಭಕ್ತ ಕುಟುಂಬಗಳಲ್ಲಿತ್ತು. ಇವರದು ಕ್ವೇಕರ್ ಪಂಥದ ಮನೆತನ. ಹುಟ್ಟಿದ್ದು 1811ರ ಮಾರ್ಚ್ 7ರಂದು, ನ್ಯೂಯಾರ್ಕ್ ರಾಜ್ಯದ ಪಾಮೈರಾದಲ್ಲಿ. ತಂದೆ ಕಾಲುವೆ ಕೆಲಸದ ಗುತ್ತಿಗೆದಾರ. ಕಾಲುವೆ ಎಂದರೆ ನಮ್ಮ ಕಣ್ಣಿಗೆ ಗದ್ದೆಗೆ ನೀರುಣಿಸುವ ಕಾಲುವೆ ಬರುತ್ತದೆ. ನಾನು ಬೆಳೆದದ್ದೇ ಗಂಗಾವತಿ ಸೀಮೆಯ ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಲ್ಲಿ. ಅಮೆರಿಕದ್ದು ದೋಣಿ ಸಾಗುವ ಕಾಲುವೆ. ಹಡ್ಸನ್ ನದಿಯಿಂದ ಈರಿ ಸರೋವರದವರೆಗೆ 363 ಮೈಲಿ ಅಗೆದ ಈರಿ ಕಾಲುವೆ 1825ರಲ್ಲಿ ಮುಗಿಯಿತು. ಅದನ್ನು ಕಟ್ಟಿಸಿದ ಮುಖ್ಯ ಎಂಜಿನಿಯರುಗಳಾದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡ್ಡಿಸ್ ಇಬ್ಬರೂ ಅದಕ್ಕೆ ಮುಂಚೆ ಅಂಥ ಕಾಲುವೆ ಕಟ್ಟಿದವರಲ್ಲ. ಜಮೀನು ಅಳೆದು, ನ್ಯಾಯಾಧೀಶರಾಗಿ ಕೆಲಸ ಮಾಡಿದ್ದವರು. ಅವರ ಕೈಕೆಳಗಿನ ಕ್ಯಾನ್‌ವಾಸ್ ವೈಟ್ ಎಂಬ ತರುಣ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾಲುವೆಗಳ ದಂಡೆಯ ಮೇಲೆ ನಡೆದೇ ವಿದ್ಯೆ ಕಲಿತು ಬಂದ. ನೀರಿನೊಳಗೂ ಗಟ್ಟಿಯಾಗುವ ಗಾರೆಗೆ ಬೇಕಾದ ಸುಣ್ಣದಕಲ್ಲು ಕಾಲುವೆಯ ಹಾದಿಯಲ್ಲೇ ಇದೆ ಎಂದು ತೋರಿಸಿಕೊಟ್ಟ. ದೇಶಕ್ಕೆ ಎಂಜಿನಿಯರಿಂಗ್ ಕಾಲೇಜು ಬೇಕಾಗಿದ್ದಾಗ ಕಾಲುವೆಯೇ ಕಾಲೇಜಾಯಿತು.

ಲಾಕ್‌ಪೋರ್ಟ್ ಎಂಬಲ್ಲಿ ದೋಣಿಗಳು ಬಂಡೆಯ ಕಡಿದಾದ ಏರನ್ನು ಹತ್ತಬೇಕು. ಒಂದರ ಮೇಲೊಂದು ಐದು ತೊಟ್ಟಿಗಳು. ಒಂದೊಂದಕ್ಕೂ ನೀರು ತುಂಬಿದಂತೆ ದೋಣಿ ಮೆಟ್ಟಿಲು ಹತ್ತುತ್ತದೆ. ಹುಡುಗ ಲ್ಯಾಪಮ್ ಅಲ್ಲಿ ಕಲ್ಲು ಕಡಿದ. ಆಮೇಲೆ ಅಳತೆಯವರ ಹಿಂದೆ ಸ್ಟಾಫ್ ಎಂಬ ಅಳತೆಗೋಲು ಹಿಡಿದು ನಿಂತ. ಸ್ಟಾಫ್ ಹಿಡಿಯುವ ಹುಡುಗರನ್ನು ನಾನು ನೂರಾರು ಮಂದಿ ನೋಡಿದ್ದೇನೆ. ಬಿಸಿಲಲ್ಲಿ ನಿಂತು ನಿಂತು ಕೋಲು ವಾಲುತ್ತದೆ. "ನೇರ ಹಿಡಿ" ಎಂದು ಇತ್ತ ಕಡೆಯಿಂದ ಕೂಗುತ್ತಿರುತ್ತೇವೆ. ಅಂಥ ಹುಡುಗರಲ್ಲಿ ಸಾವಿರಕ್ಕೊಬ್ಬ ಸಂಜೆ ಬಂದು, "ಸರ್, ಯಂತ್ರದೊಳಗೆ ಏನು ಕಾಣುತ್ತದೆ?" ಎಂದು ಕೇಳುತ್ತಾನೆ. ಲ್ಯಾಪಮ್ ಆ ಸಾವಿರಕ್ಕೊಬ್ಬ. ಕೆನಡಾದ ವೆಲಂಡ್ ಕಾಲುವೆ, ಒಹಾಯೊದ ಕಾಲುವೆಗಳು, ಕೆಂಟಕಿಯ ಲೂಯಿವಿಲ್ ಕಾಲುವೆ ಎಂದು ಕೆಲಸ ಎಲ್ಲಿಗೆ ಕರೆಯಿತೋ ಅಲ್ಲಿಗೆ ಹೋದ. ಬಂಡೆ ಸಿಡಿಸಿದಾಗ ಹೊರಬಿದ್ದ ಪದರಗಳನ್ನು, ಅವುಗಳೊಳಗಿನ ಚಿಪ್ಪುಗಳನ್ನು ನೋಡುತ್ತ ನಿಂತ. 1828ರಲ್ಲಿ, 17 ವರ್ಷದ ಹುಡುಗನಾಗಿದ್ದಾಗಲೇ, ಲೂಯಿವಿಲ್ ಕಾಲುವೆಯ ಸುತ್ತಲಿನ ಭೂರಚನೆಯ ಬಗ್ಗೆ ಅವನು ಬರೆದದ್ದು ದೇಶದ ಮುಖ್ಯ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

1836ರ ಜುಲೈ 1ರಂದು ಅವನು ಮಿಲ್ವಾಕಿಯಲ್ಲಿ ಇಳಿದ. ವಿಸ್ಕಾನ್ಸಿನ್ ಇನ್ನೂ ರಾಜ್ಯವಾಗಿರಲಿಲ್ಲ. ಪ್ರತ್ಯೇಕ ಪ್ರಾಂತವಾದದ್ದೂ ಅದೇ ವಾರ. ಒಹಾಯೊ ಕಾಲುವೆಯಲ್ಲಿ ಜೊತೆಗಿದ್ದ ಬೈರನ್ ಕಿಲ್ಬರ್ನ್ ಇಲ್ಲಿ ಜಮೀನು ಹಿಡಿದು ಊರು ಕಟ್ಟುತ್ತಿದ್ದ. ಮಿಶಿಗನ್ ಸರೋವರದಿಂದ ರಾಕ್ ನದಿಗೆ ಕಾಲುವೆ ತೆಗೆಸುವುದು ಅವನ ಆಸೆ. ಲ್ಯಾಪಮ್ ಅದರ ಮುಖ್ಯ ಎಂಜಿನಿಯರ್. ಆ ಕಾಲುವೆ ಒಂದು ಮೈಲಿಯಷ್ಟು ಮಾತ್ರ ಆಯಿತು. ಅದರ ನೀರು ಗಿರಣಿಗಳನ್ನು ತಿರುಗಿಸಿತು. ಕೊನೆಗೆ ಅದನ್ನೂ ಮುಚ್ಚಿ ಮೇಲೆ ಬೀದಿ ಮಾಡಿದರು. ಎಂಜಿನಿಯರನಾಗಿ ಅವನ ದೊಡ್ಡ ಯೋಜನೆಯ ಕಥೆ ಇಷ್ಟೇ. ಆದರೆ ಬಂದ ವರ್ಷವೇ ಮಿಲ್ವಾಕಿ ಸುತ್ತಲಿನ ಸಸ್ಯಗಳ ಮತ್ತು ಚಿಪ್ಪುಗಳ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಆ ಪ್ರಾಂತದಲ್ಲಿ ಅಚ್ಚಾದ ಮೊದಲ ವಿಜ್ಞಾನ ಬರಹ ಅದೇ ಎನ್ನುತ್ತಾರೆ. ಅದೇ ವರ್ಷ ಪ್ರೇರಿವಿಲ್ ಎಂದು ಆಗ ಕರೆಯುತ್ತಿದ್ದ, ಈಗಿನ ವಾಕೆಶಾದಲ್ಲಿ, ಆಮೆಯ ಆಕಾರದ ಮಣ್ಣಿನ ದಿಬ್ಬವೊಂದನ್ನು ಕಂಡು ಊರಿನ ಪತ್ರಿಕೆಗೆ ಬರೆದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ದಿಬ್ಬಗಳ ಎತ್ತರ ಸಾಮಾನ್ಯವಾಗಿ ಮೂರು ನಾಲ್ಕು ಅಡಿ. ಉದ್ದವಾದರೋ ನೂರಾರು ಅಡಿ. ಮ್ಯಾಡಿಸನ್ ನಗರದ ಮೆಂಡೋಟ ಸರೋವರದ ದಡದಲ್ಲಿರುವ ಹಕ್ಕಿಯ ರೆಕ್ಕೆಗಳ ಹರವು 624 ಅಡಿ. ಅದರ ಮೇಲೆ ನಿಂತು ನೋಡಿದರೆ ಹಕ್ಕಿ ಕಾಣುವುದಿಲ್ಲ. ಹುಲ್ಲಿನ ನೆಲ ಸ್ವಲ್ಪ ಉಬ್ಬಿದೆ ಎನಿಸುತ್ತದೆ, ಅಷ್ಟೇ. ವಿಮಾನವಿಲ್ಲದ ಕಾಲದಲ್ಲಿ ಅದು ಹಕ್ಕಿ ಎಂದು ತಿಳಿಯಬೇಕಾದರೆ ಒಂದೇ ದಾರಿ: ಸರಪಳಿ ಎಳೆದು, ದಿಕ್ಸೂಚಿ ಇಟ್ಟು, ಅಂಚಿನ ಒಂದೊಂದು ತಿರುವನ್ನೂ ಗುರುತು ಹಾಕಿಕೊಂಡು, ರಾತ್ರಿ ದೀಪದ ಕೆಳಗೆ ಬಿಂದುಗಳನ್ನು ಜೋಡಿಸುವುದು. ಆಗ ಕಾಗದದ ಮೇಲೆ ಹಕ್ಕಿ ರೆಕ್ಕೆ ಬಿಚ್ಚುತ್ತದೆ. ಈ ಸುಖ ನನಗೆ ಗೊತ್ತು. ದಿನವಿಡೀ ಬರೆದುಕೊಂಡ ಒಣ ಅಂಕಿಗಳಿಂದ ಸಂಜೆ ಒಂದು ಹಳ್ಳದ ಬಳುಕು ಎದ್ದು ಬಂದಾಗ ಆಗುವ ಸಂತೋಷ. ಲ್ಯಾಪಮ್‌ಗೆ ಸಿಕ್ಕಿದ್ದು ಮನುಷ್ಯರು ಬರೆದ ಬಳುಕು. ಸಾವಿರ ವರ್ಷದ ಹಿಂದೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದವರ ಕಣ್ಣಿನಲ್ಲಿದ್ದ ಚಿತ್ರವನ್ನು ಅಷ್ಟು ಕಾಲದ ಮೇಲೆ ಇನ್ನೊಬ್ಬ ಮಣ್ಣಿನ ಕೆಲಸದವನು ಓದಿದ.

ಅಮೆರಿಕದ ಪ್ರಾಚೀನ ವಸ್ತುಗಳ ಸಂಘವೊಂದು ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿತ್ತು. ಸಂಬಳ ಬೇಡ, ತಿರುಗಾಟದ ಖರ್ಚು ಕೊಟ್ಟರೆ ಸಾಕು, ರಾಜ್ಯದ ದಿಬ್ಬಗಳನ್ನೆಲ್ಲ ಅಳೆಯುತ್ತೇನೆ ಎಂದು ಅವನು ಅದಕ್ಕೆ ಬರೆದ. ಅವರು ಒಪ್ಪಿದರು. 1850ರಿಂದ ಮೂರು ವರ್ಷಗಳ ಅವಧಿಯಲ್ಲಿ ಅವನು ಊರೂರು ಸುತ್ತಿದ. 1855ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ಆ ಕೆಲಸವನ್ನು ಐವತ್ತಕ್ಕೂ ಹೆಚ್ಚು ನಕ್ಷೆಯ ಫಲಕಗಳ ಸಮೇತ ಪ್ರಕಟಿಸಿತು. ಮಿಲ್ವಾಕಿಯ ದಿಬ್ಬಗಳನ್ನು ತೋರಿಸುವ ಫಲಕದ ಮುಂದೆ ನಾನು ಹೆಚ್ಚು ಹೊತ್ತು ಕೂತೆ. ಅದರಲ್ಲಿರುವ ಹಲವು ಆಗಲೇ ಬೀದಿಗಳನ್ನು ಮಟ್ಟ ಮಾಡುವಾಗ ಹೋಗಿದ್ದವು. ಇವತ್ತು ಆ ನಗರದ ಲೇಕ್ ಪಾರ್ಕಿನಲ್ಲಿ ಒಂದೇ ಒಂದು ಗುಂಡು ದಿಬ್ಬವಿದೆ. ಇಡೀ ವಿಸ್ಕಾನ್ಸಿನ್ನಿನಲ್ಲಿ ಒಂದು ಕಾಲಕ್ಕೆ 15,000ಕ್ಕೂ ಹೆಚ್ಚು ದಿಬ್ಬಗಳಿದ್ದವು, ಈಗ ಉಳಿದಿರುವುದು ಸುಮಾರು 4,000 ಎಂದು ಅಂದಾಜು.

ಆ ಬೀದಿಗಳನ್ನು ಎಳೆದವರು ಯಾರು? ಅವನಂಥವರೇ. ಅವನು ದುಡಿದು ಉಂಡದ್ದು ಜಮೀನು ಅಳೆದು, ನಕ್ಷೆ ಮಾಡಿ, ಮಾರಾಟದ ಕಾಗದ ಸಿದ್ಧಪಡಿಸಿ. ಆ ಜಮೀನು ಮೆನೊಮಿನಿ, ಪೊಟವಾಟಮಿ, ಹೋ-ಚಂಕ್ ಜನರಿಂದ 1830ರ ದಶಕದ ಒಪ್ಪಂದಗಳಲ್ಲಿ ಕಿತ್ತುಕೊಂಡದ್ದು. ಹೋ-ಚಂಕ್ ಜನರನ್ನು ಸರ್ಕಾರ ಮತ್ತೆ ಮತ್ತೆ ಹೊರಗಟ್ಟಿತು, ಅವರು ಮತ್ತೆ ಮತ್ತೆ ನಡೆದು ವಾಪಸು ಬಂದರು. ದಿಬ್ಬಗಳನ್ನು ಓದಿದವನು ಕೆಲವನ್ನು ಅಗೆದು ಒಳಗಿನ ಎಲುಬುಗಳನ್ನೂ ನೋಡಿದ. ಯಾರ ಹಿರಿಯರ ಎಲುಬು ಎಂದು ಕೇಳಬೇಕಾದವರನ್ನು ಕೇಳಲಿಲ್ಲ. ಇದನ್ನು ಮರೆಮಾಚಿ ಅವನನ್ನು ಹೊಗಳಲು ನನಗೆ ಮನಸ್ಸಿಲ್ಲ.

ಆದರೂ ಒಂದು ಮಾತನ್ನು ಅವನು ಸ್ಪಷ್ಟವಾಗಿ ಹೇಳಿದ. ಆ ಕಾಲದ ಅಮೆರಿಕದಲ್ಲಿ ಓದಿದವರೆಲ್ಲ ನಂಬಿದ್ದ ಕಥೆಯೊಂದಿತ್ತು: ಈ ದಿಬ್ಬಗಳನ್ನು ಕಟ್ಟಿದ್ದು ಯಾವುದೋ ಅಳಿದುಹೋದ ಶ್ರೇಷ್ಠ ಜನಾಂಗ, ಈಗಿರುವ ಇಂಡಿಯನ್ನರಿಗೆ ಅಷ್ಟು ಶಕ್ತಿಯಿಲ್ಲ, ಅವರೇ ಆ ಜನಾಂಗವನ್ನು ಕೊಂದು ನೆಲ ಹಿಡಿದವರು. ನೆಲ ಕಸಿಯುವವರಿಗೆ ಇದಕ್ಕಿಂತ ಅನುಕೂಲವಾದ ಕಥೆ ಯಾವುದಿದೆ? ಲ್ಯಾಪಮ್ ನೂರಾರು ದಿಬ್ಬಗಳನ್ನು ಅಳೆದ ಮೇಲೆ, ಕಟ್ಟಿದವರು ಈಗಿರುವ ಬುಡಕಟ್ಟುಗಳ ಪೂರ್ವಜರೇ, ಬೇರೆ ಜನಾಂಗವನ್ನು ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ ಎಂದು ಬರೆದ. ಸೈರಸ್ ಥಾಮಸ್ ಎಂಬ ವಿದ್ವಾಂಸ ಸ್ಮಿತ್‌ಸೋನಿಯನ್ ಪರವಾಗಿ ಇದೇ ಮಾತನ್ನು ಅಲ್ಲಗಳೆಯಲಾಗದಂತೆ ಸಾಧಿಸಿ ತೋರಿಸಿದ್ದು 1894ರಲ್ಲಿ.

ಈ ಭಾಗ ಓದುವಾಗ ನನಗೆ ನೆನಪಾದವನು ನಮ್ಮ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅವನೂ ಶಾಲೆ ಕಂಡದ್ದು ಕಡಿಮೆ. 15 ವರ್ಷದ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದು, ನಿಜಾಮನ ಸೇವೆ ಸೇರಿ, ಕಾನೂನು, ಭಾಷೆ, ಮೋಜಣಿ ಎಲ್ಲವನ್ನೂ ತಾನೇ ಕಲಿತ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಅವನಿದ್ದ ಟೇಲರ್ ಮಂಜಿಲ್ ಇಂದೂ ಇದೆ. ಲ್ಯಾಪಮ್ ದಿಬ್ಬ ಅಳೆಯುತ್ತಿದ್ದ ಅದೇ ವರ್ಷಗಳಲ್ಲಿ ಟೇಲರ್ ಜೇವರ್ಗಿಯ ಕಲ್ಗೋರಿಗಳನ್ನು ಅಗೆಸಿ, ಸೀಳುಚಿತ್ರ ಬರೆದು, ಯಾವ ವಸ್ತು ಎಷ್ಟು ಆಳದಲ್ಲಿ ಸಿಕ್ಕಿತೆಂದು ಗುರುತು ಹಾಕಿದ. ಆ ಶಿಸ್ತನ್ನು ಈಗಿನ ಪುರಾತತ್ವಜ್ಞರೂ ಗೌರವಿಸುತ್ತಾರೆ. ಆದರೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಬಂದಾಗ ಅವನ ಮನಸ್ಸು ಕೆಲ್ಟರು, ಸಿಥಿಯನ್ನರು ಎಂದು ಯೂರೋಪಿನ ಕಡೆಗೆ ಓಡಿತು. ಕಣ್ಣೆದುರಿಗಿದ್ದ ಜನರ ಅಜ್ಜಂದಿರ ಕೆಲಸ ಇದು ಎನ್ನಲು ಲ್ಯಾಪಮ್‌ಗೆ ಸಾಧ್ಯವಾದದ್ದು ಟೇಲರನಿಗೆ ಆಗಲಿಲ್ಲ. ಟೇಲರನ ಮೇಲೆ ನನಗೆ ಪ್ರೀತಿ ಇದೆ, ಅದಕ್ಕೇ ಇದು ನೋಯಿಸುತ್ತದೆ.

ನಮ್ಮ ಜನರೂ ಬೇರೆ ಏನು ಹೇಳಿದರು? ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ಮನೆಗಳು ನೂರಾರಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲಾಸಮಾಧಿಗಳು. ಅವನ್ನು ಕಟ್ಟಿದವರು ಮೋರ್ಯರು, ಕುಳ್ಳ ಜನ, ಈಗ ಇಲ್ಲ ಎಂದೇ ನಾನು ಕೇಳಿ ಬೆಳೆದದ್ದು. ನಮ್ಮವರೇ ನಮ್ಮ ಹಿರಿಯರನ್ನು ಬೇರೆ ಜನಾಂಗ ಮಾಡಿಬಿಟ್ಟಿದ್ದರು.

1986ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಆಗ ನಮ್ಮ ಸೀಮೆಯೆಲ್ಲ ರಾಯಚೂರು ಜಿಲ್ಲೆಗೆ ಸೇರಿತ್ತು. ಹಳ್ಳಿಯೊಂದಕ್ಕೆ ಎರಡೂವರೆ ಕಿಲೋಮೀಟರ್ ರಸ್ತೆ. ನಾನೇ ಡಂಪಿ ಲೆವೆಲ್ ಎಂಬ ಮಟ್ಟ ನೋಡುವ ಯಂತ್ರ ಇಟ್ಟು ಮಧ್ಯರೇಖೆಗೆ ಗೂಟ ಹೊಡೆಸಿದ್ದೆ. ಒಂದು ಕಡೆ ಆ ರೇಖೆ ದುಂಡಗೆ ನಿಲ್ಲಿಸಿದ ಗುಂಡುಕಲ್ಲುಗಳ ನಡುವೆ ಹಾದುಹೋಗುತ್ತಿತ್ತು. ನಡುವೆ ನೆಲದಲ್ಲಿ ಅರ್ಧ ಹೂತ ಚಪ್ಪಡಿಗಳು. ಒಂದರಲ್ಲಿ ಕೈ ತೂರುವಷ್ಟು ದುಂಡನೆಯ ರಂಧ್ರ. ಕೆಲಸದ ಮೇಸ್ತ್ರಿ ಬಂದು, "ಸಾಹೇಬರೇ, ಇದು ಮೋರ್ಯರ ಮನೆ. ಸ್ವಲ್ಪ ಪಕ್ಕಕ್ಕೆ ಸರಿಸಲು ಬರುತ್ತದೆಯೇ?" ಎಂದರು. ಹತ್ತಡಿ ಸರಿಸಬಹುದಾಗಿತ್ತು. ಜಮೀನಿನ ತಕರಾರು ಬರುತ್ತದೆ, ಅಂದಾಜುಪಟ್ಟಿ ಮತ್ತೆ ಬರೆಯಬೇಕು, ಮಾರ್ಚ್ ಒಳಗೆ ಮುಗಿಯಬೇಕು. ನಾನು ಬೇಡ ಎಂದೆ. ಹಾರೆ ಹಾಕಿ ಎಬ್ಬಿಸಿದರು. ಗುಂಡುಗಳು ಒಡೆದು ರಸ್ತೆಯ ತಳಕ್ಕೆ ಹಾಸುವ ಸೋಲಿಂಗಿಗೆ ಹೋದವು, ಚಪ್ಪಡಿಗಳು ಮೋರಿಗೆ.

ಕೆಡವಿದ್ದು ಒಂದು ತಪ್ಪು. ಅದಕ್ಕಿಂತ ಹೆಚ್ಚು ನನ್ನನ್ನು ಈ ವಯಸ್ಸಿನಲ್ಲಿ ಕಾಡುವುದು, ಕೈಯಲ್ಲಿ ಟೇಪು, ಲೆವೆಲ್ ಪುಸ್ತಕ, ಪೆನ್ಸಿಲ್ ಎಲ್ಲ ಇದ್ದೂ ಅದನ್ನು ಅಳೆಯಲಿಲ್ಲ ಎಂಬುದು. ಅರ್ಧ ಗಂಟೆಯ ಕೆಲಸ. ಆ ಪುಸ್ತಕದಲ್ಲಿ ಆ ಜಾಗದ ಮಟ್ಟ ಮೂರು ದಶಾಂಶದವರೆಗೆ ಇದೆ, ಅಲ್ಲೊಂದು ಕಲ್ಲು ಇತ್ತು ಎಂಬ ಒಂದು ಗೆರೆ ಇಲ್ಲ.

ಲ್ಯಾಪಮ್‌ನ ಸರಪಳಿ 66 ಅಡಿಯದು. ಅಮೆರಿಕದ ಬಹುಪಾಲು ನೆಲವನ್ನು ಚೌಕ ಚೌಕವಾಗಿ ಹೆಣೆದದ್ದು ಆ ಗಂಟರ್ ಸರಪಳಿ. 80 ಸರಪಳಿಗೆ ಒಂದು ಮೈಲಿ. ಬ್ರಿಟಿಷರು ನಮ್ಮಲ್ಲಿ ಮೋಜಣಿಗೆ ತಂದದ್ದು ಅದರ ಅರ್ಧ, 33 ಅಡಿಯ ಸರಪಳಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ನಮ್ಮ ಗುಂಟೆ. ನಮ್ಮ ಹೊಲಗಳ ಬಾಂದುಕಲ್ಲುಗಳನ್ನೂ ವಿಸ್ಕಾನ್ಸಿನ್ನಿನ ಹೊಲಗಳ ಮೂಲೆಗಳನ್ನೂ ನೆಟ್ಟದ್ದು ಒಂದೇ ಅಳತೆ. ಅದನ್ನು ಹಿಡಿದ ಸಾವಿರಾರು ಜನರಲ್ಲಿ ಹೊಲ ಅಳೆದಷ್ಟೇ ಶ್ರದ್ಧೆಯಿಂದ ಹಕ್ಕಿಯನ್ನೂ ಅಳೆದವರು ಬೆರಳೆಣಿಕೆಯಷ್ಟು.

ಅವನ ಉಳಿದ ಬದುಕನ್ನು ಬರೆಯಹೊರಟರೆ ಇನ್ನೊಂದು ಬರಹವಾಗುತ್ತದೆ. ಮಿಶಿಗನ್ ಸರೋವರದಲ್ಲೂ ಚಂದ್ರನ ಸೆಳೆತಕ್ಕೆ ತೀರಾ ಸಣ್ಣ ಉಬ್ಬರವಿಳಿತವಿದೆ ಎಂದು 1849ರಲ್ಲಿ ಅಳೆದು ತೋರಿಸಿದ. ಕಾಡು ಕಡಿಯುವುದರ ಕೆಡುಕನ್ನು ಕುರಿತು 1867ರಲ್ಲಿ ಇಬ್ಬರ ಜೊತೆ ಸೇರಿ ಸರ್ಕಾರಕ್ಕೆ ವರದಿ ಕೊಟ್ಟ. 1871ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದ ಪೆಶ್ಟಿಗೊ ಊರು ಕಾಡಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಸರೋವರಗಳಲ್ಲಿ ಬಿರುಗಾಳಿಗೆ ಸಿಕ್ಕು ಮುಳುಗುವ ಹಡಗುಗಳ ಪಟ್ಟಿ ಮಾಡಿದ. ಬಿರುಗಾಳಿ ಪಶ್ಚಿಮದಿಂದ ಬರುತ್ತದೆ, ತಂತಿ ಸುದ್ದಿ ಅದಕ್ಕಿಂತ ವೇಗವಾಗಿ ಬರುತ್ತದೆ, ಹಾಗಿದ್ದರೆ ಮೊದಲೇ ಎಚ್ಚರಿಸಬಹುದಲ್ಲ ಎಂದು ವರ್ಷಗಟ್ಟಲೆ ವಾದಿಸಿದ. ಮಿಲ್ವಾಕಿಯ ಪ್ರತಿನಿಧಿ ಹ್ಯಾಲ್ಬರ್ಟ್ ಪೇನ್ ಅದನ್ನು ಸಂಸತ್ತಿಗೆ ಒಯ್ದರು. 1870ರ ಫೆಬ್ರುವರಿ 9ರಂದು ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದರು. ಅಮೆರಿಕದ ಹವಾಮಾನ ಇಲಾಖೆ ಹುಟ್ಟಿದ್ದು ಹಾಗೆ. ಅದೇ ನವೆಂಬರ್ 8ರಂದು ಷಿಕಾಗೊದಲ್ಲಿ ಕೂತು, ಒಮಾಹದಲ್ಲಿ ಗಾಳಿ ಬಲವಾಗಿದೆ ಎಂಬ ತಂತಿ ನೋಡಿ, ಸರೋವರಗಳಿಗೆ ಮೊದಲ ಬಿರುಗಾಳಿ ಎಚ್ಚರಿಕೆ ಕಳಿಸಿದವನು ಲ್ಯಾಪಮ್.

ಕಾಲೇಜು ಮೆಟ್ಟಿಲು ಹತ್ತದವನಿಗೆ ಆಮ್ಹರ್ಸ್ಟ್ ಕಾಲೇಜು 1860ರಲ್ಲಿ ಗೌರವ ಪದವಿ ಕೊಟ್ಟಿತು. 1873ರಲ್ಲಿ ರಾಜ್ಯದ ಭೂವಿಜ್ಞಾನಿಯಾಗಿ ನೇಮಕವಾದ. ಎರಡು ವರ್ಷಕ್ಕೆ ಹೊಸ ಗವರ್ನರ್ ಅವನನ್ನು ತೆಗೆದು ಬೇರೆಯವರನ್ನು ಕೂರಿಸಿದ. ಅದೇ 1875ರ ಸೆಪ್ಟೆಂಬರ್ 14ರಂದು, ಓಕಾನೊಮೊವಾಕ್ ಸರೋವರದಲ್ಲಿ ಮೀನು ಬೆಳೆಸುವ ಬಗ್ಗೆ ಬರೆಯುತ್ತಿದ್ದ ಲೇಖನವನ್ನು ಮುಗಿಸಿ, ಒಬ್ಬನೇ ದೋಣಿ ತೆಗೆದುಕೊಂಡು ನೀರಿಗೆ ಹೋದ. ಅಲ್ಲೇ ಹೃದಯ ನಿಂತಿತು. ವಯಸ್ಸು 64.

ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಎಂಬತ್ತು ದಾಟಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. "ಯಜಮಾನರೇ, ಮೋರ್ಯರ ಮನೆ ಎಲ್ಲಿತ್ತು ತೋರಿಸುತ್ತೀರಾ?" ಎಂದೆ. ಏನೂ ಕೇಳದೆ ಎದ್ದು ಬಂದರು. ಡಾಂಬರಿನ ಅಂಚಿನಲ್ಲಿ ನಿಂತು, ಆಚೆಯ ಬೇವಿನ ಮರವನ್ನೂ ಈಚೆಯ ಬಾಂದುಕಲ್ಲನ್ನೂ ನೋಡಿ ನೋಡಿ, ಮಣ್ಣಿನಲ್ಲಿ ಕೋಲಿನಿಂದ ಕಾಲುಭಾಗ ವೃತ್ತ ಗೀಚಿದರು. ಉಳಿದದ್ದು ರಸ್ತೆಯ ಕೆಳಗೆ. ನಾನು ಟೇಪು ಬಿಚ್ಚಿದೆ. ಮರದಿಂದ ದೂರ, ಬಾಂದುಕಲ್ಲಿನಿಂದ ದೂರ, ಅವರ ನೆನಪಿನ ಪ್ರಕಾರ ಅಡ್ಡಳತೆ 27 ಅಡಿ. ಮೋರಿಯ ರೆಕ್ಕೆಗೋಡೆಯಲ್ಲಿ ಎರಡು ಚಪ್ಪಡಿ ಗುರುತಿಗೆ ಸಿಕ್ಕವು. ಒಂದರ ಅಂಚಿನಲ್ಲಿ ರಂಧ್ರದ ಅರ್ಧ ಕಮಾನು ಉಳಿದಿತ್ತು. ಅದನ್ನೂ ಅಳೆದು ಬರೆದುಕೊಂಡೆ, ದಿನಾಂಕ ಹಾಕಿದೆ, ತೋರಿಸಿದವರು ಯಾರೆಂದು ಬರೆದೆ.

ಅವರು ಕಲ್ಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಈಗ ಅಳೆದು ಏನು ಮಾಡುತ್ತೀರಿ ಸಾಹೇಬರೇ?" ಎಂದರು.

"ಚಿತ್ರ ಬರೆಯುತ್ತೇನೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಾಗಾದರೆ ಆ ರಂಧ್ರದ ಕಲ್ಲು ಮೂಡಲಕ್ಕೆ ಮುಖ ಮಾಡಿತ್ತು. ಅದನ್ನೂ ಬರೆದುಕೊಳ್ಳಿ."